ಕ್ವಾರ್ಟರ್‌ಬ್ಯಾಕ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು? ಅಮೆರಿಕನ್ ಫುಟ್‌ಬಾಲ್ ನೋಡುವವರಿಗೊಂದು ದೋಷ ನಿವಾರಣೆ ಕೈಪಿಡಿ

ದಾವಣಗೆರೆಯಲ್ಲಿ ನಮ್ಮ ತಂದೆಯವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟ ಪಂಪ್‌ಸೆಟ್ಟುಗಳು ಟ್ರ್ಯಾಕ್ಟರಿನಲ್ಲಿ ಬಂದು ಇಳಿಯುತ್ತಿದ್ದವು. ಅಪ್ಪ ಸ್ಪ್ಯಾನರ್ ಮುಟ್ಟುವ ಮೊದಲು ರೈತನನ್ನು ಕೂರಿಸಿ, ಚಹಾ ತರಿಸಿ, ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ, ಮೂರೂ ಫೇಸ್ ಬರುತ್ತವೆಯೇ, ಫುಟ್‌ವಾಲ್ವ್ ಹಾಕಿಸಿ ಎಷ್ಟು ವರ್ಷವಾಯಿತು ಎಂದು ವಿಚಾರಿಸುತ್ತಿದ್ದರು. ಎರಡೇ ಫೇಸಿನಲ್ಲಿ ಓಡಿ ಸುಟ್ಟ ಮೋಟಾರಿಗೆ ಹೊಸ ತಾಮ್ರ ಸುತ್ತಿ ಕಳಿಸಿದರೆ ಹದಿನೈದು ದಿನದಲ್ಲಿ ಅದೇ ಟ್ರ್ಯಾಕ್ಟರ್ ಮತ್ತೆ ಬಾಗಿಲಿಗೆ ಬರುತ್ತದೆ ಎಂಬುದು ಅವರ ಅನುಭವ.

ನಾನು ಷಿಕಾಗೊ ಹತ್ತಿರ ನೆಲೆಸಿ ಬಹಳ ವರ್ಷಗಳಾದವು. ಭಾನುವಾರ ನಾಲ್ಕು ಕನ್ನಡ ಮನೆಗಳವರು ಸೇರಿ ಇಲ್ಲಿನ ಬೇರ್ಸ್ ತಂಡದ ಆಟ ನೋಡುವಾಗ ನನಗೆ ಆ ಅಂಗಡಿ ನೆನಪಾಗುತ್ತದೆ. ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ನೆಲಕ್ಕೆ ಬಿದ್ದ ಕೂಡಲೇ ಕೋಣೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷಕ್ಕೆ ಹುಡುಗನನ್ನು ಬದಲಿಸಬೇಕು. ಇನ್ನೊಂದಕ್ಕೆ ಹುಡುಗ ಬಂಗಾರ, ಮುಂದೆ ನಿಂತ ಲೈನ್ ದಂಡಪಿಂಡ. ಎರಡೂ ಪಕ್ಷದವರು ಆ ಮೂರು ಸೆಕೆಂಡು ಚೆಂಡನ್ನು ಮಾತ್ರ ನೋಡಿರುತ್ತಾರೆ.

ಇದು ನನ್ನ ನೋಟ್‌ಬುಕ್ಕಿನ ಕ್ರಮ. ರೆಕಾರ್ಡ್ ಮಾಡಿದ ಆಟ, ಮೊಬೈಲಿನ ಸ್ಟಾಪ್‌ವಾಚ್, ಒಂದು ಪೆನ್ನು ಇದ್ದರೆ ಸಾಕು.

ಯಂತ್ರದ ಪರಿಚಯ

ಗೊತ್ತಿದ್ದವರು ಈ ಭಾಗವನ್ನು ದಾಟಬಹುದು. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಎಂದು ಹೆಸರು. ಸೆಂಟರ್ ಬಗ್ಗಿ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವುದು ಸ್ನ್ಯಾಪ್. ಅವನ ಆಚೀಚೆ ಇಬ್ಬರು ಗಾರ್ಡ್‌ಗಳು, ಅವರ ಹೊರಗೆ ಇಬ್ಬರು ಟ್ಯಾಕಲ್‌ಗಳು. ಈ ಐವರೇ ಲೈನ್. ವೃತ್ತಿಪರ ತಂಡಗಳ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಒಬ್ಬೊಬ್ಬನೂ 140 ಕಿಲೊ ಆಸುಪಾಸಿನ ಆಳು. ಎದುರಾಳಿಗಳು ನುಗ್ಗದಂತೆ ಇವರು ಕಟ್ಟುವ ಕುದುರೆಲಾಳದ ಆಕಾರದ ಗೋಡೆಯೇ ಪಾಕೆಟ್. ಅದರೊಳಗೆ ನಿಂತು ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ. ಎಸೆಯುವ ಮೊದಲೇ ಲೈನಿನ ಹಿಂದೆ ಸಿಕ್ಕಿಬಿದ್ದರೆ ಅದು ಸ್ಯಾಕ್: ಒಂದು ಡೌನ್ ಹೋಯಿತು, ಜೊತೆಗೆ ಆರೇಳು ಗಜವೂ ಹೋಯಿತು. ಪ್ರತಿ ಸ್ನ್ಯಾಪಿಗೂ ಯಾವ ಆಟ, ಅಂದರೆ ಪ್ಲೇ, ಆಡಬೇಕೆಂದು ಹೇಳುವವನು ಗೆರೆಯಾಚೆ ನಿಂತ ಕೋಚ್, ಅಂದರೆ ಪ್ಲೇ ಕಾಲರ್. ಅವನ ದನಿ ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಕ್ವಾರ್ಟರ್‌ಬ್ಯಾಕಿಗೆ ಕೇಳಿಸುತ್ತದೆ. 1994ರಿಂದ ಎನ್‌ಎಫ್‌ಎಲ್‌ನಲ್ಲಿ ಈ ವ್ಯವಸ್ಥೆ ಇದೆ. ಸ್ನ್ಯಾಪ್ ಮಾಡಲು ಉಳಿದ ಹೊತ್ತು ತೋರಿಸುವ ಪ್ಲೇ ಕ್ಲಾಕಿನಲ್ಲಿ 15 ಸೆಕೆಂಡು ಉಳಿದಾಗ ರೇಡಿಯೊ ಬಂದ್. ಈ 15 ಸೆಕೆಂಡಿನ ವಿಚಾರ ಮುಂದೆ ಬೇಕಾಗುತ್ತದೆ.

ಮೊದಲ ಪರೀಕ್ಷೆ: ಗಡಿಯಾರ

ಪ್ರತಿ ಪಾಸಿಗೂ ಎರಡು ಅಳತೆ ಬರೆದುಕೊಳ್ಳಿ. ಸ್ನ್ಯಾಪ್ ಆದ ಕ್ಷಣದಿಂದ ಕ್ವಾರ್ಟರ್‌ಬ್ಯಾಕ್ ಮೊದಲ ಸಲ ಅನಿವಾರ್ಯವಾಗಿ ಜಾಗ ಬಿಡಬೇಕಾಗಿ ಬಂದದ್ದು ಎಷ್ಟು ಹೊತ್ತಿಗೆ? ಚೆಂಡು ಕೈಬಿಟ್ಟದ್ದು, ಇಲ್ಲವೇ ಅವನು ಬಿದ್ದದ್ದು ಎಷ್ಟು ಹೊತ್ತಿಗೆ? ಸ್ಯಾಕ್ ಆದ ಪ್ಲೇಗಳನ್ನು ಮಾತ್ರ ಅಳೆದರೆ ಪ್ರಯೋಜನವಿಲ್ಲ. ಜ್ವರ ಬಂದಾಗ ಮಾತ್ರ ಥರ್ಮಾಮೀಟರ್ ಹಿಡಿಯುವವನಿಗೆ ಮಾಮೂಲಿ ಮೈಬಿಸಿ ಎಷ್ಟೆಂದೇ ತಿಳಿದಿರುವುದಿಲ್ಲ. ಯಶಸ್ವಿ ಪಾಸುಗಳೂ ಸೇರಿ ಒಂದು ಆಟದ ಮೂವತ್ತು ಮೂವತ್ತೈದು ಪ್ಲೇಗಳನ್ನು ಅಳೆಯಿರಿ. ನಿಧಾನಗತಿಯ ಮರುಪ್ರಸಾರದಲ್ಲಿ ಅಳೆಯಬೇಡಿ. ಬೆರಳಿನ ತಡವೂ ಸೇರಿ ಒಂದೆರಡು ದಶಾಂಶ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಎನ್‌ಎಫ್‌ಎಲ್‌ನಲ್ಲಿ ಹೆಚ್ಚಿನ ಕ್ವಾರ್ಟರ್‌ಬ್ಯಾಕ್‌ಗಳ ಸರಾಸರಿ ಎರಡೂವರೆಯಿಂದ ಮೂರು ಸೆಕೆಂಡಿನ ನಡುವೆ ಬೀಳುತ್ತದೆ. ಲೈನಿನವರನ್ನು ಅಳೆಯಲು ಕ್ರೀಡಾ ವಾಹಿನಿ ಇಎಸ್‌ಪಿಎನ್ ಬಳಸುವ ಗೆರೆಯೂ 2.5 ಸೆಕೆಂಡೇ: ಅಷ್ಟು ಹೊತ್ತು ತನ್ನೆದುರಿನವನನ್ನು ತಡೆದರೆ ಅವನು ಗೆದ್ದ ಲೆಕ್ಕ. ನಮಗೂ ಆ ಗೆರೆ ಸಾಕು.

ಮೊದಲ ಅಳತೆ ಮತ್ತೆ ಮತ್ತೆ ಎರಡು ಸೆಕೆಂಡಿನೊಳಗೆ ಬರುತ್ತಿದ್ದರೆ ದೋಷ ಮುಂದೆ ಇದೆ, ಎರಡನೆಯ ಪರೀಕ್ಷೆಗೆ ಹೋಗಿ. ಮೊದಲ ಅಳತೆ ಮೂರರ ಹತ್ತಿರವಿದ್ದು ಚೆಂಡು ನಾಲ್ಕು ಸೆಕೆಂಡಾದರೂ ಕೈಯಲ್ಲೇ ಇದ್ದರೆ ಲೈನನ್ನು ಬೈಯುವುದು ಅನ್ಯಾಯ. ಆಗ ತಪ್ಪು ಚೆಂಡು ಹಿಡಿದವನದೋ, ಯಾರೂ ಖಾಲಿ ಸಿಗದಂಥ ಪ್ಲೇ ಕೊಟ್ಟವನದೋ ಎಂದು ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ನೋಡಬೇಕು.

ಎರಡನೆಯದು: ಎಷ್ಟು ಜನ ಬಂದರು, ಎಲ್ಲಿಂದ ಬಂದರು

ಇದು ಒಂದನೇ ತರಗತಿಯ ಲೆಕ್ಕ. ನುಗ್ಗಿದವರು ಎಷ್ಟು? ತಡೆಯಲು ನಿಂತವರು ಎಷ್ಟು? ಐವರು ತಡೆಯುತ್ತಿರುವಾಗ ಆರು ಜನ ನುಗ್ಗಿದರೆ ಒಬ್ಬ ಖಾಲಿ ಬಂದೇ ಬರುತ್ತಾನೆ. ಅವನನ್ನು ತಡೆಯುವ ಕೆಲಸ ಲೈನಿನದಲ್ಲ. ಅವನು ಬಿಟ್ಟು ಬಂದ ಜಾಗಕ್ಕೆ ತಟ್ಟನೆ ಚೆಂಡು ಎಸೆಯುವುದು ಕ್ವಾರ್ಟರ್‌ಬ್ಯಾಕಿನ ಕೆಲಸ, ಅದನ್ನು ಹಿಡಿಯಲು ಅಲ್ಲೊಬ್ಬ ರಿಸೀವರ್ ಇರುವಂತೆ ನೋಡಿಕೊಳ್ಳುವುದು ಪ್ಲೇ ಕಾಲರನ ಕೆಲಸ. ನಾಲ್ವರೇ ನುಗ್ಗಿ, ಐವರು ತಡೆದು, ಆದರೂ ಎರಡು ಸೆಕೆಂಡಿನಲ್ಲಿ ಒಬ್ಬ ಒಳಗೆ ಬಂದರೆ ಅದು ಲೈನಿನ ಸೋಲು.

2021ರ ಫೆಬ್ರುವರಿ 7ರ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಇದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ. ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಎರಡೂ ಕಡೆಯ ಟ್ಯಾಕಲ್‌ಗಳು, ಎರಿಕ್ ಫಿಷರ್ ಮತ್ತು ಮಿಚೆಲ್ ಶ್ವಾರ್ಟ್ಸ್, ಗಾಯಗೊಂಡು ಹೊರಗಿದ್ದರು. ಟ್ಯಾಂಪಾ ಬೇ ತಂಡ ಹೆಚ್ಚು ಜನರನ್ನು ಕಳಿಸುವ ಗೋಜಿಗೇ ಹೋಗಲಿಲ್ಲ. ನಾಲ್ವರನ್ನು ಬಿಟ್ಟು ಉಳಿದ ಏಳು ಜನರನ್ನು ಹಿಂದೆ ಕಾಯಲು ನಿಲ್ಲಿಸಿತು. ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಮೇಲೆ 29 ಸಲ ಒತ್ತಡ ಬಿತ್ತು. ಸೂಪರ್ ಬೌಲ್ ಇತಿಹಾಸದಲ್ಲಿ ಅಷ್ಟು ಯಾರ ಮೇಲೂ ಬಿದ್ದಿರಲಿಲ್ಲ. ಸ್ಯಾಕ್ ಆದದ್ದು ಮಾತ್ರ ಮೂರೇ, ಏಕೆಂದರೆ ಅವನು ಹೇಗೋ ಓಡಿ ತಪ್ಪಿಸಿಕೊಳ್ಳುತ್ತಿದ್ದ. ಸ್ಯಾಕ್ ಸಂಖ್ಯೆಯೊಂದನ್ನೇ ನೋಡುವವನಿಗೆ ಆ ದಿನದ ರೋಗ ಕಾಣುವುದೇ ಇಲ್ಲ. ಚೀಫ್ಸ್ 31–9ರಲ್ಲಿ ಸೋತಿತು.

ಇನ್ನು ಎಲ್ಲಿಂದ ಬಂದರು ಎಂಬುದು. ಹೊರಗಿನಿಂದ ಬಂದ ಒತ್ತಡಕ್ಕೆ ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದಿಟ್ಟರೆ ಪರಿಹಾರ. ನಡುವಿನಿಂದ ಬಂದರೆ ಮುಂದಿಡಲು ಜಾಗವೇ ಇರುವುದಿಲ್ಲ. ಮಾಳಿಗೆಯ ನೀರು ಬಿರುಕು ಬಿಟ್ಟಲ್ಲೇ ತೊಟ್ಟಿಕ್ಕುವುದಿಲ್ಲ, ತೊಲೆ ಹಿಡಿದು ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಇದನ್ನು ನಾನು ಕಲಿತದ್ದು ಎನ್‌ಎಫ್‌ಎಲ್‌ನಿಂದಲ್ಲ.

ನನ್ನ ಮಗ ಹೈಸ್ಕೂಲು ತಂಡದಲ್ಲಿ ಬಲ ಗಾರ್ಡ್. ಶುಕ್ರವಾರ ಸಂಜೆಯ ಆಟಗಳಿಗೆ ಗ್ಯಾಲರಿಯ ಮೇಲ್ತುದಿಯಲ್ಲಿ ನಿಂತು ವಿಡಿಯೊ ತೆಗೆಯುವುದು ನನ್ನ ಪಾಲಿನ ಸೇವೆ. ಒಂದು ಆಟದಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಆರು ಸಲ ಬಿದ್ದ. ಅದರಲ್ಲಿ ನಾಲ್ಕು ಸಲ ಕೆಡವಿದವನು ಎಡ ಟ್ಯಾಕಲಿನ ಕಡೆಯಿಂದ ಬಂದವನೇ. ಗ್ಯಾಲರಿಯಲ್ಲಿ ಆ ಎಡ ಟ್ಯಾಕಲ್ ಹುಡುಗನ ಹೆಸರು ಹಿಡಿದು ಕೂಗಾಟ ನಡೆಯಿತು. ಅವನ ತಾಯಿ ಎರಡು ಸಾಲು ಕೆಳಗೇ ಕೂತಿದ್ದರು.

ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಾಲ್ಕೂ ಪ್ಲೇಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಮೈದಾನದ ಮೇಲೆ ಗಜಕ್ಕೊಂದು ಬಿಳಿ ಗೆರೆ ಇರುತ್ತದೆ, ಆಳ ಎಣಿಸುವುದು ಸುಲಭ. ಶಾಟ್‌ಗನ್ ನಿಲುವಿನಲ್ಲಿ ಐದು ಗಜ ಹಿಂದೆ ನಿಂತು ಮೂರು ಹೆಜ್ಜೆ ಸರಿಯುವ ಕ್ವಾರ್ಟರ್‌ಬ್ಯಾಕ್ ಏಳೆಂಟು ಗಜದಲ್ಲಿ ನಿಲ್ಲಬೇಕು. ಎಡ ಟ್ಯಾಕಲ್ ತನ್ನವನನ್ನು ಅದೇ ಲೆಕ್ಕದಲ್ಲಿ ಹೊರಗಿನಿಂದ ಸುತ್ತಿಸಿ, ಎಂಟು ಗಜದ ಹಿಂದೆ ದಾಟಿಸಿ ಬಿಡುತ್ತಿದ್ದ. ಕಲಿಸಿದ ಪಾಠವೇ ಅದು. ಆದರೆ ನಮ್ಮ ಕ್ವಾರ್ಟರ್‌ಬ್ಯಾಕ್ ನಿಂತಿದ್ದು ಹನ್ನೊಂದನೆಯ ಗಜದಲ್ಲಿ. ಟ್ಯಾಕಲ್ ದಾಟಿಸಿ ಕಳಿಸಿದವನು ನೇರ ಅವನ ಬೆನ್ನಿಗೇ ಬರುತ್ತಿದ್ದ.

"ಅಷ್ಟು ಹಿಂದೆ ಯಾಕೆ ಹೋದ?" ಎಂದೆ.

ಮಗ ಉತ್ತರಿಸಲಿಲ್ಲ. ಬಾಣದ ಗುರುತನ್ನು ನಿಧಾನವಾಗಿ ಬಲ ಗಾರ್ಡಿನ ಮೇಲೆ ತಂದು ನಿಲ್ಲಿಸಿದ. ಪರದೆಯ ಮೇಲೆ ಅವನೇ ಇದ್ದ. ಮೊಣಕಾಲು ಬಗ್ಗಿಸುವ ಬದಲು ನಡು ಬಗ್ಗಿಸಿ, ಎದುರಿನ ಹುಡುಗನ ಎದೆಗೆ ತಲೆ ಕೊಟ್ಟು, ಗೂಟ ಕಿತ್ತ ಹಸುವಿನಂತೆ ಹಿಂದೆ ಹಿಂದೆ ಸರಿಯುತ್ತಿದ್ದ. ಎರಡು ಸೆಕೆಂಡಿನಲ್ಲಿ ನಾಲ್ಕು ಗಜ. "ನನ್ನವನು ಅವನನ್ನು ಒಂದು ಸಲವೂ ಮುಟ್ಟಲಿಲ್ಲ ಅಪ್ಪಾ" ಎಂದ ಮೆಲ್ಲಗೆ. ನಿಜವೇ. ಮುಟ್ಟಲಿಲ್ಲ, ದೂಡಿದ. ಕ್ವಾರ್ಟರ್‌ಬ್ಯಾಕ್ ನಡುವಿನ ಗೋಡೆ ಮೇಲೆ ಬರುವುದನ್ನು ಕಂಡು ಹಿಂದಕ್ಕೆ ಹೋದ, ಹೋದ ಕಡೆ ಎಡ ಟ್ಯಾಕಲಿನ ಕೋನ ಕೆಟ್ಟಿತು, ಅಂಕಪಟ್ಟಿಯಲ್ಲಿ ಬೈಗುಳ ಎಡ ಟ್ಯಾಕಲಿಗೆ ಬಂತು. ಮರುವಾರ ಸೆಂಟರ್ ಬಲಗಡೆಗೆ ಒಂದು ಕೈ ಸಹಾಯ ಮಾಡತೊಡಗಿದ, ಮಗನಿಗೆ ದಿನಾ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನ ಅಭ್ಯಾಸ. ಆ ಹುಡುಗನ ತಾಯಿಗೆ ವಿಷಯ ಹೇಳಿ ಕ್ಷಮೆ ಕೇಳಿದ್ದು ನಾನೇ.

ಇದೇ ಪರೀಕ್ಷೆಯಲ್ಲಿ ಇನ್ನೊಂದು ಗುರುತು. ನುಗ್ಗುವವರಲ್ಲಿ ಇಬ್ಬರು ನಡುವೆ ದಾರಿ ಅದಲುಬದಲು ಮಾಡಿಕೊಂಡರೆ ಅದು ಸ್ಟಂಟ್. ಗಾರ್ಡ್ ಮತ್ತು ಟ್ಯಾಕಲ್ ಮಾತಾಡಿಕೊಂಡು ಆಳು ಬದಲಿಸಿಕೊಳ್ಳಬೇಕು. ವಿಡಿಯೊ ನಿಲ್ಲಿಸಿದಾಗ ಲೈನಿನಲ್ಲೊಬ್ಬ ಯಾರನ್ನೂ ಹಿಡಿಯದೆ ಸಂತೆಯಲ್ಲಿ ಮಗು ಕಳೆದುಕೊಂಡವನಂತೆ ಅತ್ತಿತ್ತ ನೋಡುತ್ತಿದ್ದರೆ ದೋಷ ಬಲದ್ದಲ್ಲ, ಮಾತುಕತೆಯದು. ಐವರಲ್ಲಿ ಹೊಸಬರು ಹೆಚ್ಚಿದ್ದಷ್ಟೂ ಇದು ಹೆಚ್ಚು. ಒಳ್ಳೆಯ ಆಟಗಾರರನ್ನು ಕೊಂಡು ತಂದ ಮಾತ್ರಕ್ಕೆ, ಆಟಗಳು ಶುರುವಾಗುವ ಸೆಪ್ಟೆಂಬರಿನಲ್ಲಿ ಒಳ್ಳೆಯ ಲೈನ್ ಸಿಗುವುದಿಲ್ಲ.

ಮೂರನೆಯದು: ಕೊಟ್ಟ ಪ್ಲೇ ಸರಿಯಿತ್ತೇ

ಜನ ಕಡೆಗಣಿಸುವುದು ಇದನ್ನೇ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ದೋಷ ಅಡಗಿರುವುದೂ ಇಲ್ಲೇ. ಪ್ಲೇ ಕಾಲರ್ ಕ್ಯಾಮೆರಾದಲ್ಲಿ ಕಾಣುವುದು ಬಾಯಿಗೆ ಹಾಳೆ ಅಡ್ಡ ಹಿಡಿದುಕೊಂಡು. ಅವನು ಬೀಳುವುದಿಲ್ಲ, ಅವನ ಜೆರ್ಸಿಗೆ ಕೊಳೆ ಆಗುವುದಿಲ್ಲ.

ಆಟದ ಎಲ್ಲ ಸ್ಯಾಕ್‌ಗಳ ಪಕ್ಕ ಎಷ್ಟನೆಯ ಡೌನ್, ಎಷ್ಟು ಗಜ ಬೇಕಿತ್ತು ಎಂದು ಬರೆಯಿರಿ. ಹೆಚ್ಚಿನವು ಮೂರನೆಯ ಡೌನ್, ಎಂಟು ಗಜಕ್ಕಿಂತ ಹೆಚ್ಚು ಎಂದಿದ್ದರೆ ಹಿಂದಕ್ಕೆ ಹೋಗಿ ಅದೇ ಸರಣಿಯ ಮೊದಲ ಡೌನಿನಲ್ಲಿ ಏನು ಮಾಡಿದರೆಂದು ನೋಡಿ. ನೂರಕ್ಕೆ ಎಪ್ಪತ್ತು ಸಲ, ಇದು ನನ್ನ ನೋಟ್‌ಬುಕ್ಕಿನ ಅಂದಾಜು ಮಾತ್ರ, ಉತ್ತರ ಒಂದೇ: ಚೆಂಡು ಎಸೆಯದೆ, ಎಲ್ಲರಿಗೂ ಗೊತ್ತಿದ್ದ ಓಟ ಓಡಿ ಎರಡು ಗಜ. ಮೂರನೆಯ ಡೌನಿಗೆ ಒಂಬತ್ತು ಗಜ ಬೇಕಾದಾಗ ಪಾಸ್ ಬರುತ್ತದೆಂದು ಎದುರಾಳಿಗೆ ಖಾತ್ರಿ. ನುಗ್ಗುವವನು ಓಟದ ಚಿಂತೆಯಿಲ್ಲದೆ ನುಗ್ಗುತ್ತಾನೆ. ರಿಸೀವರ್ ಒಂಬತ್ತು ಗಜ ಓಡಿ ತಿರುಗಲು ಹೊತ್ತು ಬೇಕು, ಆ ಹೊತ್ತಿಡೀ ಲೈನ್ ತಡೆಯಬೇಕು. ಸ್ಯಾಕ್ ಆದದ್ದು ಮೂರನೆಯ ಡೌನಿನಲ್ಲಿ, ಬೀಜ ಬಿದ್ದದ್ದು ಮೊದಲನೆಯದರಲ್ಲಿ.

ಎರಡನೆಯ ಗುರುತು ಪ್ಲೇ ಕ್ಲಾಕ್. ತಂಡ ಗುಂಪು ಬಿಟ್ಟು ಗೆರೆಗೆ ಬಂದಾಗ ಎಷ್ಟು ಸೆಕೆಂಡು ಉಳಿದಿದೆ? ಹದಿನೈದು ಉಳಿದಿದ್ದರೆ ಸೆಂಟರ್ ಎದುರಿನವರನ್ನು ಎಣಿಸಿ ಯಾರು ಯಾರನ್ನು ಹಿಡಿಯಬೇಕೆಂದು ಕೂಗಿ ಹೇಳಬಹುದು, ಕ್ವಾರ್ಟರ್‌ಬ್ಯಾಕ್ ಪ್ಲೇ ಬದಲಿಸಬಹುದು. ಆರೇಳು ಮಾತ್ರ ಉಳಿದಿದ್ದರೆ ಬಂದದ್ದು ಬರಲಿ ಎಂದು ಸ್ನ್ಯಾಪ್ ಮಾಡಬೇಕು. ಮೇಲಿಂದ ತಡವಾಗಿ ಬರುವ ಪ್ಲೇ ಕೆಳಗಿನವರ ತಪ್ಪಿನಂತೆ ಕಾಣುತ್ತದೆ. ಹೊತ್ತಿನೊಳಗೆ ಸ್ನ್ಯಾಪ್ ಮಾಡದ್ದಕ್ಕೆ ಬೀಳುವ ಡಿಲೇ ಆಫ್ ಗೇಮ್ ದಂಡಗಳು, ಅವಸರದಲ್ಲಿ ಕರೆಯುವ ಟೈಮ್‌ಔಟ್‌ಗಳು ಹೆಚ್ಚಾದರೆ ಈ ಅನುಮಾನ ಪಡಿ. ಎದುರೂರಿನ ಗದ್ದಲದಲ್ಲಿ ಮಾತ್ರ ಹೀಗಾಗುತ್ತಿದ್ದರೆ ಅದು ಬೇರೆ ಮಾತು.

ಮೂರನೆಯದು ಸಾಲ ಮತ್ತು ಆದಾಯದ ಲೆಕ್ಕ. ಐವರೇ ತಡೆಯುತ್ತಾರೆ, ಬಾಕಿ ಎಲ್ಲರೂ ರಿಸೀವರುಗಳಾಗಿ ಓಡುತ್ತಾರೆ ಎಂದಾದರೆ ಓಟ ಚಿಕ್ಕದಿರಬೇಕು. ಇಪ್ಪತ್ತು ಗಜದ ಓಟ ಬೇಕೆಂದರೆ ಒಬ್ಬನನ್ನೋ ಇಬ್ಬರನ್ನೋ ತಡೆಯಲು ಉಳಿಸಿಕೊಳ್ಳಬೇಕು. ಎರಡನ್ನೂ ಬಯಸುವ ಪ್ಲೇ ಕಾಲರ್ ತಿಂಗಳ ಕೊನೆಯಲ್ಲಿ ಕ್ವಾರ್ಟರ್‌ಬ್ಯಾಕಿನ ಪಕ್ಕೆಲುಬಿನಿಂದ ಸಾಲ ತೀರಿಸುತ್ತಾನೆ.

ಸಿನ್ಸಿನಾಟಿ ಬೆಂಗಾಲ್ಸ್ ಕಥೆ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. 2021ರಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ 51 ಸಲ ಸ್ಯಾಕ್ ಆದ. ಪ್ಲೇಆಫಿನಲ್ಲಿ ಟೆನೆಸ್ಸಿ ವಿರುದ್ಧ ಒಂದೇ ಆಟದಲ್ಲಿ 9 ಸಲ ಬಿದ್ದೂ ಗೆದ್ದ, ಸೂಪರ್ ಬೌಲಿನಲ್ಲಿ 7 ಸಲ ಬಿದ್ದು ಸೋತ. ಅದೇ ವರ್ಷ ಪಾಸುಗಳ ಯಶಸ್ಸಿನಲ್ಲಿ ಶೇ. 70.4ರೊಂದಿಗೆ ಇಡೀ ಲೀಗಿಗೆ ಮೊದಲಿಗ ಅವನೇ. ಆಡಳಿತದವರು ಲೈನಿನ ಮೇಲೆ ಹಣ ಸುರಿದರು. 2022ರ ಮೊದಲ ಆಟಕ್ಕೆ ಐವರಲ್ಲಿ ನಾಲ್ವರು ಹೊಸಬರು. ಫಲಿತಾಂಶ? ಮೊದಲ ಎರಡು ಆಟಗಳಲ್ಲೇ 13 ಸ್ಯಾಕ್, ಎರಡರಲ್ಲೂ ಸೋಲು. ಬಿಡಿಭಾಗ ಬದಲಿಸಿದರೂ ಯಂತ್ರ ಅದೇ ಸದ್ದು ಮಾಡುತ್ತಿತ್ತು. ಆಮೇಲೆ ಅವರು ಕ್ವಾರ್ಟರ್‌ಬ್ಯಾಕ್ ಸೆಂಟರಿನ ಬೆನ್ನಿಗೆ ನಿಂತು ಎದುರಾಳಿಗೆ ಬೆನ್ನು ತಿರುಗಿಸುವ ಪ್ಲೇಗಳನ್ನು ಕಡಿಮೆ ಮಾಡಿದರು, ಬರೋಗೆ ಇಷ್ಟವಾದ ಶಾಟ್‌ಗನ್ ನಿಲುವಿಗೆ, ಬೇಗ ಬಿಡುವ ಪಾಸುಗಳಿಗೆ ತಿರುಗಿದರು. ಆ ವರ್ಷ ಬರೋನ ಒಟ್ಟು ಸ್ಯಾಕ್ 41. ಅಂದರೆ ಉಳಿದ 14 ಆಟಗಳಿಗೆ 28. ಆ ಐವರು ಪರಸ್ಪರ ಪಳಗಿದ್ದೂ ಒಂದು ಕಾರಣ ಇರಬಹುದು. ಆದರೂ ಮೊದಲ ಎರಡು ವಾರಗಳ ವಿಡಿಯೊ ಮತ್ತು ನವೆಂಬರಿನ ವಿಡಿಯೊ ಪಕ್ಕಪಕ್ಕ ಇಟ್ಟು ನೋಡಿದರೆ ದೊಡ್ಡ ವ್ಯತ್ಯಾಸ ಕಾಣುವುದು ನಿಲುವಿನಲ್ಲಿ, ಗಡಿಯಾರದಲ್ಲಿ.

ಓಡುವಂತೆ ನಟಿಸಿ ಎಸೆಯುವ ಪ್ಲೇ ಆ್ಯಕ್ಷನ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ: ಮೊದಲು ಓಟದಲ್ಲಿ ಯಶಸ್ವಿಯಾಗಿ ತೋರಿಸಿದರೆ ಮಾತ್ರ ಅದು ಫಲಿಸುತ್ತದೆ ಎಂಬುದು. ಅಂಕಿಅಂಶ ಕೆದಕಿದವರು ಆ ಸಂಬಂಧ ಹೆಚ್ಚುಕಡಿಮೆ ಇಲ್ಲವೆಂದೇ ಕಂಡಿದ್ದಾರೆ. ಕ್ವಾರ್ಟರ್‌ಬ್ಯಾಕ್ ಒದ್ದಾಡುತ್ತಿರುವಾಗ "ಮೊದಲು ಓಟ ಸ್ಥಾಪಿಸೋಣ" ಎನ್ನುವ ಕೋಚ್ ರೋಗಿಗೆ ಪಥ್ಯ ಹೇಳಿ ಔಷಧಿ ಮರೆತ ವೈದ್ಯ.

ನಾಲ್ಕನೆಯದು: ಈಗ ಅವನನ್ನೇ ನೋಡಿ

ಇಷ್ಟೆಲ್ಲ ಆದ ಮೇಲೆ ಕ್ವಾರ್ಟರ್‌ಬ್ಯಾಕಿನ ಸರದಿ. ಲೈನನ್ನು ಪ್ರೀತಿಸುವವರು, ಮಗನ ದೆಸೆಯಿಂದ ಈಗ ನಾನೂ ಒಬ್ಬ, ಒಂದು ಕಹಿ ಸತ್ಯ ನುಂಗಬೇಕು. ಸ್ಯಾಕ್‌ಗಳು ಬಹುಮಟ್ಟಿಗೆ ಕ್ವಾರ್ಟರ್‌ಬ್ಯಾಕಿನ ಹಿಂದೆಯೇ ಊರೂರು ಸುತ್ತುತ್ತವೆ. 1988ರಲ್ಲಿ ಮಯಾಮಿಯ ಡ್ಯಾನ್ ಮರೀನೊ 606 ಪಾಸ್ ಎಸೆದು ಸ್ಯಾಕ್ ಆದದ್ದು 6 ಸಲ. 2009ರಲ್ಲಿ ಪೇಟನ್ ಮ್ಯಾನಿಂಗ್ 16 ಆಟಗಳಲ್ಲಿ 10 ಸಲ. ಇಬ್ಬರೂ ಓಟಗಾರರಲ್ಲ, ಮ್ಯಾನಿಂಗ್ ಓಡುವುದನ್ನು ನೋಡಿದರೆ ನಮ್ಮ ಬ್ಯಾಂಕಿನ ಮ್ಯಾನೇಜರ್ ಬಸ್ಸಿಗೆ ಓಡಿದಂತಿರುತ್ತಿತ್ತು. ಸ್ನ್ಯಾಪಿಗೆ ಮೊದಲೇ ಎಲ್ಲಿಗೆ ಎಸೆಯಬೇಕೆಂದು ಅವರಿಗೆ ಗೊತ್ತಿರುತ್ತಿತ್ತು, ಅಷ್ಟೇ.

ಅಳತೆ ಹೀಗೆ. ಒತ್ತಡ ಬಿದ್ದ ಪ್ಲೇಗಳಲ್ಲಿ ಎಷ್ಟು ಸ್ಯಾಕ್ ಆದವು? ಐದಕ್ಕೆ ಒಂದು ಎಂದಾದರೆ ಸಹಜ. ನಾಲ್ಕಕ್ಕೆ ಒಂದನ್ನು ದಾಟಿದರೆ ಅವನು ಚೆಂಡು ಬಿಡಲು ಒಲ್ಲದವನು. ಜೊತೆಗೆ ಕಾಲು ನೋಡಿ. ಯಾರೂ ಹತ್ತಿರ ಬರದಿದ್ದಾಗಲೂ ಪಾಕೆಟ್ ಬಿಟ್ಟು ಪಕ್ಕಕ್ಕೆ ಓಡುತ್ತಿದ್ದರೆ ಹಿಂದಿನ ಪೆಟ್ಟುಗಳ ಭಯ ಇನ್ನೂ ಮೈಯಲ್ಲಿದೆ ಎಂದರ್ಥ. 2019ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಸ್ಯಾಮ್ ಡಾರ್ನಲ್ಡ್ ತನಗೆ ದೆವ್ವಗಳು ಕಾಣುತ್ತಿವೆ ಎಂದು ಬೆಂಚಿನಲ್ಲಿ ಕೂತು ಹೇಳಿದ್ದು ಟಿ.ವಿ. ಮೈಕಿನಲ್ಲಿ ಇಡೀ ದೇಶಕ್ಕೆ ಕೇಳಿಸಿತು. ಆ ಆಟ 33–0ರಲ್ಲಿ ಹೋಯಿತು.

ಹೂಸ್ಟನ್ನಿನ ಡೇವಿಡ್ ಕಾರ್ ವಿಷಯದಲ್ಲಿ ಮಾತ್ರ ನಾನು ಇಂದಿಗೂ ಎರಡು ಮನಸ್ಸಿನವನು. 2002ರಲ್ಲಿ ಹೊಚ್ಚ ಹೊಸ ತಂಡ, ಕಾಲೇಜು ಆಟಗಾರರನ್ನು ತಂಡಗಳು ಆರಿಸುವಾಗ ಮೊದಲ ಆಯ್ಕೆಯಾದ ಹುಡುಗ. ಎಡ ಟ್ಯಾಕಲಿಗೆಂದು ತಂದ ಟೋನಿ ಬೊಸೆಲ್ಲಿ ಭುಜದ ಗಾಯದಿಂದ ಒಂದು ಆಟವನ್ನೂ ಆಡಲಿಲ್ಲ. 76 ಸ್ಯಾಕ್, ಇಂದಿಗೂ ದಾಖಲೆ. ಐದು ವರ್ಷಗಳಲ್ಲಿ 249. ಚೆಂಡು ಹಿಡಿದು ನಿಲ್ಲುವ ಚಾಳಿ ಅವನಿಗೂ ಇತ್ತು, ನಿಜ. ಆದರೆ ಎರಡು ಫೇಸಿನಲ್ಲಿ ಐದು ವರ್ಷ ಓಡಿದ ಮೋಟಾರಿನ ವೈಂಡಿಂಗ್ ಬಿಚ್ಚಿ ನೋಡಿ ಇದರ ತಾಮ್ರವೇ ಕಳಪೆ ಎಂದು ಹೇಳುವ ಧೈರ್ಯ ನನಗಿಲ್ಲ.

ಐದನೆಯದು: ಅದಲುಬದಲು ಮಾಡಿ ನೋಡುವುದು

ಅಂಗಡಿಯಲ್ಲಿ ಅನುಮಾನದ ಕೆಪಾಸಿಟರನ್ನು ಚೆನ್ನಾಗಿರುವ ಮೋಟಾರಿಗೆ ಹಾಕಿ ನೋಡುತ್ತಿದ್ದೆವು. ಆಟಗಾರನನ್ನು ಹಾಗೆ ಬಿಚ್ಚಿ ಹಾಕಲಾಗದು, ಆದರೆ ಕಾಲವೇ ಕೆಲವೊಮ್ಮೆ ಆ ಪ್ರಯೋಗ ಮಾಡಿಕೊಡುತ್ತದೆ.

ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ 2016ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಮ್ಸ್‌ಗೆ ಏಳು ಆಟ ಆರಂಭಿಸಿ ಏಳನ್ನೂ ಸೋತ, ಸ್ಯಾಕ್ 26. ತಂಡದ ವರ್ಷದ ಅಂಕ 224, ಲೀಗಿನಲ್ಲೇ ಕಡಿಮೆ. ಮರುವರ್ಷ ಕೋಚ್ ಶಾನ್ ಮೆಕ್‌ವೇ ಬಂದ, ಎಡ ಟ್ಯಾಕಲಿಗೆ ಆಂಡ್ರ್ಯೂ ವಿಟ್‌ವರ್ತ್, ಸೆಂಟರಿಗೆ ಜಾನ್ ಸಲಿವನ್ ಬಂದರು. ಅದೇ ಗಾಫ್ 15 ಆಟಗಳಲ್ಲಿ 25 ಸ್ಯಾಕ್, ತಂಡದ ಅಂಕ 478, ಲೀಗಿಗೇ ಹೆಚ್ಚು. ಹುಡುಗನನ್ನು ದಂಡ ಎಂದಿದ್ದವರು ಒಂದು ವರ್ಷ ಬಾಯಿ ಮುಚ್ಚಿದರು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2019ರ ಫೆಬ್ರುವರಿಯ ಸೂಪರ್ ಬೌಲಿನಲ್ಲಿ ನ್ಯೂ ಇಂಗ್ಲೆಂಡ್ ಮುಂಚೂಣಿಯಲ್ಲಿ ಆರು ಜನರನ್ನು ನಿಲ್ಲಿಸಿ ಮೆಕ್‌ವೇಯ ಓಟದ ದಾರಿ ಮುಚ್ಚಿತು, ಹಿಂದೆ ಅವನು ನಿರೀಕ್ಷಿಸದ ರೀತಿಯ ಕಾವಲು ಹಾಕಿತು. ರ‍್ಯಾಮ್ಸ್‌ಗೆ ಸಿಕ್ಕಿದ್ದು ಮೂರೇ ಅಂಕ. ಪ್ಲೇ ಕಾಲರನ ಯೋಜನೆ ಕುಸಿದಾಗ ತಾನಾಗಿ ದಾರಿ ಹುಡುಕುವ ಶಕ್ತಿ ಗಾಫ್‌ಗೆ ಆಗ ಇರಲಿಲ್ಲ. ಗೋಡೆ ಗಟ್ಟಿಯಿದ್ದರೆ ಅವನು ಉತ್ತಮ, ಗೋಡೆ ಬಿದ್ದರೆ ಸಾಧಾರಣ. ಇದು ದೋಷವಲ್ಲ, ಯಂತ್ರದ ಮೇಲೆ ಬರೆದಿರುವ ಸಾಮರ್ಥ್ಯ. ಮುಂದೆ ಗಾಫ್‌ನನ್ನು ತಂದುಕೊಂಡ ಡೆಟ್ರಾಯಿಟ್ ತಂಡ ಅದನ್ನು ಓದಿಕೊಂಡಿತು. ಪೆನೆ ಸೂಅಲ್, ಫ್ರ್ಯಾಂಕ್ ರ‍್ಯಾಗ್‌ನೊ ಮುಂತಾದವರ ಲೈನ್, ಬೆನ್ ಜಾನ್ಸನ್‌ನ ಪ್ಲೇ ಕಾಲಿಂಗ್, 2024ರಲ್ಲಿ 15 ಗೆಲುವು.

ತಿರುಗಾ ಪ್ರಯೋಗವೂ ಇದೆ. ವಾಷಿಂಗ್ಟನ್ನಿನಲ್ಲಿ ಕೋಚ್ ಜೋ ಗಿಬ್ಸ್ 1982, 1987, 1991ರ ಸಾಲುಗಳಲ್ಲಿ ಮೂರು ಸೂಪರ್ ಬೌಲ್ ಗೆದ್ದ. ಮೂರಕ್ಕೂ ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್: ಥೀಸ್‌ಮನ್, ಡಗ್ ವಿಲಿಯಮ್ಸ್, ರಿಪಿನ್. 1991ರಲ್ಲಿ ರಿಪಿನ್ ಇಡೀ ಸಾಲಿನಲ್ಲಿ ಬಿದ್ದದ್ದು 7 ಸಲ.

ಡಾರ್ನಲ್ಡ್ ಕೂಡ 2024ರಲ್ಲಿ ಮಿನೆಸೋಟದಲ್ಲಿ 14 ಆಟ ಗೆದ್ದು ಅಂಕ ತರುವ 35 ಟಚ್‌ಡೌನ್ ಪಾಸ್ ಎಸೆದ. ಆದರೆ ಎಡ ಟ್ಯಾಕಲ್ ಡಾರಿಸಾ ಅಕ್ಟೋಬರಿನಲ್ಲೇ ಮೊಣಕಾಲು ಗಾಯದಿಂದ ಹೊರಬಿದ್ದಿದ್ದ. ಜನವರಿಯ ಪ್ಲೇಆಫಿನಲ್ಲಿ ರ‍್ಯಾಮ್ಸ್ ಎದುರು 9 ಸ್ಯಾಕ್. ಆ ಒಂಬತ್ತನ್ನೂ ಅಳೆದೆ. ಕೆಲವು ಲೈನಿನವು, ಕೆಲವಂತೂ ಮೂರೂವರೆ ಸೆಕೆಂಡು ದಾಟಿದವು. ನಮ್ಮ ಕೋಣೆಯ ಎರಡೂ ಪಕ್ಷದವರಿಗೆ ಅಂದು ಪುರಾವೆ ಸಿಕ್ಕಿತು.

ರಿಪೇರಿ ಆದ ಮೇಲೆ ಮತ್ತೆ ಅಳೆಯಿರಿ

2024ರಲ್ಲಿ ನಮ್ಮ ಬೇರ್ಸ್‌ಗೆ ಮೊದಲ ಆಯ್ಕೆಯಾಗಿ ಬಂದ ಕೇಲೆಬ್ ವಿಲಿಯಮ್ಸ್ 68 ಸಲ ಸ್ಯಾಕ್ ಆದ. ನವೆಂಬರ್ 10ರಂದು ಸೋಲ್ಜರ್ ಫೀಲ್ಡಿನಲ್ಲಿ ನ್ಯೂ ಇಂಗ್ಲೆಂಡ್ ಎದುರು ಒಂದೇ ದಿನ 9. ಎರಡು ದಿನಕ್ಕೆ ಪ್ಲೇ ಕಾಲರನ್ನು ತೆಗೆದರು, ತಿಂಗಳ ಕೊನೆಗೆ ಮುಖ್ಯ ಕೋಚನ್ನೂ ತೆಗೆದರು. ನನ್ನ ನೋಟ್‌ಬುಕ್ಕಿನಲ್ಲಿ ಆ ವರ್ಷ ಮೂರೂ ಕಲಂಗಳು ತುಂಬಿವೆ: ನಡುವಿನಿಂದ ಬಂದ ಒತ್ತಡ, ಮೂರನೆಯ ಡೌನಿನ ಉದ್ದ ಗಜಗಳು, ಚೆಂಡು ಬಿಡದ ಕೈ.

2025ಕ್ಕೆ ಬೆನ್ ಜಾನ್ಸನ್ ಕೋಚ್ ಆಗಿ ಬಂದ. ನಡುವಿನ ಮೂರೂ ಜಾಗಕ್ಕೆ ಹೊಸ ಆಳು: ಗಾರ್ಡ್‌ಗಳಾಗಿ ಜೋ ಥೂನಿ ಮತ್ತು ಜೋನಾ ಜಾಕ್ಸನ್, ಸೆಂಟರಾಗಿ ಡ್ರೂ ಡಾಲ್ಮನ್. ಸ್ಯಾಕ್ 68ರಿಂದ 24ಕ್ಕೆ ಇಳಿಯಿತು. ತಂಡ 11 ಆಟ ಗೆದ್ದು ತನ್ನ ವಿಭಾಗಕ್ಕೆ ಮೊದಲಿಗನಾಯಿತು. ವಿಲಿಯಮ್ಸ್ 3,942 ಗಜ ಎಸೆದು ತಂಡದ ದಾಖಲೆ ಮುರಿದ. 4,000 ಮುಟ್ಟಿದ ಕ್ವಾರ್ಟರ್‌ಬ್ಯಾಕ್ ಇಷ್ಟು ಹಳೆಯ ತಂಡದಲ್ಲಿ ಇನ್ನೂ ಒಬ್ಬನೂ ಇಲ್ಲ ಎನ್ನುವುದು ಬೇರೆ ವ್ಯಥೆ.

ಆದರೆ ಪಾಸುಗಳ ಯಶಸ್ಸು ಹಿಂದಿನ ವರ್ಷದ ಶೇ. 62ರಿಂದ 60ಕ್ಕಿಂತ ಕೆಳಗೆ ಇಳಿದಿದೆ. ನಮ್ಮ ಕೋಣೆಯಲ್ಲಿ ಆಗಲೇ ಇದು ಹೊಸ ಜಗಳ. ಮೊದಲು ಸ್ಯಾಕ್ ಆಗುತ್ತಿದ್ದ ಸಂದರ್ಭಗಳಲ್ಲಿ ಈಗ ಅವನು ಚೆಂಡನ್ನು ಗೆರೆಯಾಚೆ ಎಸೆದು ಪಾರಾಗುತ್ತಾನೆ. ಹಾಗೆ ಎಸೆದದ್ದೂ ಲೆಕ್ಕದಲ್ಲಿ ವಿಫಲ ಪಾಸೇ. ಏಳು ಗಜ ಕಳೆದುಕೊಳ್ಳುವ ಬದಲು ಶೇಕಡಾವಾರು ಕಳೆದುಕೊಂಡರೆ ಅದು ಲಾಭದ ವ್ಯಾಪಾರ. ಆದರೆ ಗೋಡೆ ಗಟ್ಟಿಯಾಗಿದ್ದು, ರಿಸೀವರ್ ಖಾಲಿಯಿದ್ದು, ಚೆಂಡು ಅವನ ತಲೆ ಮೇಲೆ ಹೋದದ್ದೂ ಇದೆ. ಯಾವುದು ಎಷ್ಟು ಎಂದು ಈವರೆಗೆ ನಾನು ಬೇರೆ ಮಾಡಿ ಬರೆದಿಲ್ಲ. ಬೇಕೆಂದು ಹೊರಗೆ ಎಸೆದದ್ದಕ್ಕೆ ಒಂದು, ಗುರಿ ತಪ್ಪಿದ್ದಕ್ಕೆ ಒಂದು, ಹೀಗೆ ಸೆಪ್ಟೆಂಬರಿಗೆಂದು ಎರಡು ಹೊಸ ಕಲಂ ಎಳೆದಿಟ್ಟಿದ್ದೇನೆ.